ಕೋವಿಡ್ ಕಾಲದ ಪುಕ್ಕಟೆ ಪಾಠಗಳು: ಯಾವುದು ದಕ್ಕಿತು, ಯಾವುದು ಬರೀ ಲಿಂಕಾಗಿ ಉಳಿಯಿತು

2020ರ ಮಾರ್ಚ್‌ನಲ್ಲಿ ಕಾಲೇಜುಗಳಿಗೆ ಬೀಗ ಬಿದ್ದ ಕೆಲವೇ ದಿನಗಳಲ್ಲಿ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪುಗಳಿಗೆ ಒಂದು ಉದ್ದನೆಯ ಪಟ್ಟಿ ಬಂದು ಬಿತ್ತು. ಸ್ವಯಂ, ಸ್ವಯಂಪ್ರಭಾ, ಎನ್‌ಪಿಟಿಇಎಲ್, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಇ-ಪಿಜಿ ಪಾಠಶಾಲಾ, ವರ್ಚುವಲ್ ಲ್ಯಾಬ್ಸ್, ಸ್ಪೋಕನ್ ಟ್ಯುಟೋರಿಯಲ್, ಶೋಧಗಂಗಾ. ಎಲ್ಲವೂ ಪುಕ್ಕಟೆ, ಎಲ್ಲವೂ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದು. ಆದರೆ ಯಾವುದಕ್ಕೆ ಎಷ್ಟು ಡಾಟಾ ಬೇಕು, ಯಾವುದನ್ನು ಓದಿದರೆ ಅಂಕಪಟ್ಟಿಗೆ ಏನಾದರೂ ಬರುತ್ತದೆ, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಯಾವುದು ಅರ್ಥವಾಗುತ್ತದೆ ಎಂಬುದನ್ನು ಆ ಪಟ್ಟಿ ಹೇಳಲಿಲ್ಲ. ಇವುಗಳಲ್ಲಿ ಬಹುತೇಕ ಸೇವೆಗಳು ಈಗಲೂ ನಡೆಯುತ್ತಿವೆ. ಇಲ್ಲಿ ಅವನ್ನು ತೂಗಿ ನೋಡಿರುವುದು ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದರ ವಿದ್ಯಾರ್ಥಿಯ ತಕ್ಕಡಿಯಲ್ಲಿ: ಒಂದು ಸಾಧಾರಣ ಫೋನು, ದಿನಕ್ಕೆ 1.5 ಜಿಬಿ ಪ್ಯಾಕ್, ಮನೆಯಲ್ಲಿ ಅದೇ ಫೋನಿಗೆ ಕಾಯುವ ತಮ್ಮನೋ ತಂಗಿಯೋ.

ಮೊದಲು ಡಾಟಾ ಲೆಕ್ಕ

ಕಾಲೇಜುಗಳು ಮೊದಲು ಕೈಹಾಕಿದ್ದು ಜೂಮ್ ಮತ್ತು ಗೂಗಲ್ ಮೀಟ್‌ಗೆ. ಎಲ್ಲರ ಮುಖವೂ ಕಾಣುವಂತೆ ನಡೆಸಿದ ಒಂದು ಗಂಟೆಯ ಗುಂಪು ತರಗತಿ ಸುಮಾರು 800 ಎಂಬಿಯಿಂದ 1 ಜಿಬಿ ತಿನ್ನುತ್ತದೆ. ದಿನಕ್ಕೆ ನಾಲ್ಕು ಪೀರಿಯಡ್ ಎಂದರೆ 3 ಜಿಬಿ ದಾಟಿತು. 1.5 ಜಿಬಿ ಪ್ಯಾಕ್ ಎರಡನೇ ಪೀರಿಯಡ್ಡಿನಲ್ಲೇ ಕೈಕೊಡುತ್ತದೆ. ಆಮೇಲೆ ಸಿಗುವ 64 ಕೆಬಿಪಿಎಸ್ ವೇಗದಲ್ಲಿ ಮೇಷ್ಟ್ರ ಮಾತೂ ತುಂಡು ತುಂಡಾಗಿ ಬರುತ್ತದೆ. ಅದೇ ತರಗತಿಯಲ್ಲಿ ಎಲ್ಲರೂ ಕ್ಯಾಮೆರಾ ಮುಚ್ಚಿ, ಸ್ಲೈಡ್ ಮತ್ತು ಧ್ವನಿ ಮಾತ್ರ ಹರಿದರೆ ಗಂಟೆಗೆ 100 ಎಂಬಿ ಆಸುಪಾಸಿನಲ್ಲಿ ಮುಗಿಯುತ್ತದೆ. 'ಕ್ಯಾಮೆರಾ ಆನ್ ಇದ್ದರೆ ಮಾತ್ರ ಅಟೆಂಡೆನ್ಸ್' ಎಂಬ ನಿಯಮ ಮಾಡಿದವರು ಈ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಉಚಿತ ಜೂಮ್ ಖಾತೆಯ ಗುಂಪು ಸಭೆ 40 ನಿಮಿಷಕ್ಕೆ ಕಡಿಯುತ್ತದೆ. ನಮ್ಮ ಪೀರಿಯಡ್ 50 ಅಥವಾ 60 ನಿಮಿಷದ್ದು. ಕಡಿದ ಮೇಲೆ ಮತ್ತೆ ಲಿಂಕ್ ಒತ್ತಿ ಒಳಬರುವಾಗ ಕಾಲು ಭಾಗ ಹುಡುಗರು ಕಳಚಿಕೊಳ್ಳುತ್ತಾರೆ, ಅಟೆಂಡೆನ್ಸ್ ಪಟ್ಟಿಯೂ ಎರಡಾಗುತ್ತದೆ. ಮೀಟ್‌ನ ಉಚಿತ ಗುಂಪು ಸಭೆಗೆ ಈಗ ಮಿತಿ 60 ನಿಮಿಷ, ಪೀರಿಯಡ್‌ಗೆ ಅದೇ ಹೊಂದುತ್ತದೆ. ಜೂಮ್ ಮೊಬೈಲ್ ಆ್ಯಪ್‌ನಲ್ಲಿ ಪರದೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ವಾಹನ ಓಡಿಸುವವರಿಗೆಂದು ಮಾಡಿದ 'ಸೇಫ್ ಡ್ರೈವಿಂಗ್' ಸ್ಥಿತಿ ಬರುತ್ತದೆ. ಅದರಲ್ಲಿ ವಿಡಿಯೊ ನಿಂತು ಧ್ವನಿ ಮಾತ್ರ ಉಳಿಯುತ್ತದೆ. ಡಾಟಾ ಉಳಿಸಲು ಇದು ಒಳ್ಳೆಯ ಉಪಾಯ, ಆದರೆ ಸ್ಲೈಡೂ ಕಾಣದು. ಹಾಗಾಗಿ ಪಿಡಿಎಫ್ ನೋಟ್ಸ್ ಮೊದಲೇ ಕೈಯಲ್ಲಿರಬೇಕು.

ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ ಗಂಟೆಗೆ 360ಪಿಯಲ್ಲಿ ಸುಮಾರು 300 ಎಂಬಿ, 144ಪಿಯಲ್ಲಿ 100 ಎಂಬಿಯೊಳಗೆ. ಕರಿಹಲಗೆಯ ಮೇಲಿನ ಸೀಮೆಸುಣ್ಣದ ಅಕ್ಷರ 144ಪಿಯಲ್ಲಿ ಓದಲು ಬರುವುದಿಲ್ಲ. ಲೆಕ್ಕ, ಅಕೌಂಟೆನ್ಸಿ, ಭೌತಶಾಸ್ತ್ರದ ಡಿರೈವೇಶನ್‌ಗಳಿಗೆ 360ಪಿ ಬೇಕೇ ಬೇಕು. ಇತಿಹಾಸ, ಸಮಾಜಶಾಸ್ತ್ರಕ್ಕೆ 144ಪಿ ಸಾಕು. ನಮ್ಮ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಅಂಕ ಪಡೆಯುವ ವ್ಯವಸ್ಥೆಗೆ ಹೆಸರೂ ಇಲ್ಲ, ಉದ್ಘಾಟನೆಯೂ ಆಗಿಲ್ಲ. ಅಧ್ಯಾಪಕರು ಹದಿನೈದು ನಿಮಿಷದ ಧ್ವನಿ ಸಂದೇಶ ಮತ್ತು ನಾಲ್ಕು ಪುಟದ ಪಿಡಿಎಫ್ ಅನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುವುದು, ಅಷ್ಟೇ. ಧ್ವನಿ ಸಂದೇಶ ಮೂರ್ನಾಲ್ಕು ಎಂಬಿಗಿಂತ ಹೆಚ್ಚಿಗೆ ಹೋಗದು. ರಾತ್ರಿ ಗುಡ್ಡ ಹತ್ತಿ ಒಮ್ಮೆ ಇಳಿಸಿಕೊಂಡರೆ ಮನೆಗೆ ಬಂದು ಎಷ್ಟು ಸಲ ಬೇಕಾದರೂ ಕೇಳಬಹುದು. ಮಲೆನಾಡಿನ ಹುಡುಗರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಸ್ವಯಂ ಮತ್ತು ಎನ್‌ಪಿಟಿಇಎಲ್: ಅಂಕ ಬೇಕಿದ್ದರೆ ಇದೇ

2017ರ ಜುಲೈನಲ್ಲಿ ಶುರುವಾದ ಸ್ವಯಂ ಆನ್‌ಲೈನ್ ಕೋರ್ಸುಗಳ ಒಂದು ದೊಡ್ಡ ಮಾರುಕಟ್ಟೆ. ಒಳಗೆ ಬೇರೆ ಬೇರೆ ಅಂಗಡಿಗಳಿವೆ. ಎಂಜಿನಿಯರಿಂಗ್ ಮತ್ತು ಮೂಲ ವಿಜ್ಞಾನಕ್ಕೆ ಐಐಟಿಗಳು ಹಾಗೂ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್, ಪದವಿ ವಿಷಯಗಳಿಗೆ ಶೈಕ್ಷಣಿಕ ವಿಡಿಯೊ ಮಾಡುವ ಸಿಇಸಿ ಸಂಸ್ಥೆ, ಸ್ನಾತಕೋತ್ತರಕ್ಕೆ ಯುಜಿಸಿ, ಮ್ಯಾನೇಜ್‌ಮೆಂಟ್‌ಗೆ ಬೆಂಗಳೂರಿನ ಐಐಎಂ, ಜೊತೆಗೆ ಇಗ್ನೋ. ಗುಣಮಟ್ಟ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಎನ್‌ಪಿಟಿಇಎಲ್ ಪಾಠಗಳು ಒಂದೇ ಮಟ್ಟ ಕಾಯ್ದುಕೊಳ್ಳುತ್ತವೆ. ಪದವಿಯ ಕಲಾ ವಿಷಯಗಳಲ್ಲಿ ಕೆಲವು ಪಾಠಗಳು ಸ್ಟುಡಿಯೋದಲ್ಲಿ ಕೂತು ಓದಿ ಹೇಳಿದಂತಿವೆ. ಸೇರುವ ಮೊದಲು ಎರಡನೇ ವಾರದ ಒಂದು ವಿಡಿಯೊ ನೋಡಿ. ಮೊದಲ ವಾರದ ಪೀಠಿಕೆ ಎಲ್ಲ ಕೋರ್ಸಿನಲ್ಲೂ ಚೆನ್ನಾಗಿಯೇ ಇರುತ್ತದೆ.

ಇಲ್ಲಿ ಪಾಠ ಕೇಳಲು ಕಾಸಿಲ್ಲ, ಪರೀಕ್ಷೆಗೆ ಶುಲ್ಕವಿದೆ. ಕೋವಿಡ್ ವರ್ಷಗಳಲ್ಲಿ ಎನ್‌ಪಿಟಿಇಎಲ್ ಒಂದು ಕೋರ್ಸಿಗೆ 1,000 ರೂಪಾಯಿ ಪಡೆಯುತ್ತಿತ್ತು. ಕೋರ್ಸುಗಳು 4, 8 ಅಥವಾ 12 ವಾರದ್ದು, ವರ್ಷಕ್ಕೆ ಎರಡು ಸುತ್ತು, ಜನವರಿ ಮತ್ತು ಜುಲೈ. 12 ವಾರದ ಕೋರ್ಸಿನ ಅಂಕದ ಲೆಕ್ಕ ಹೀಗಿದೆ: ವಾರ ವಾರದ ಅಸೈನ್‌ಮೆಂಟ್‌ಗಳಲ್ಲಿ ಅತ್ಯುತ್ತಮ 8ರ ಸರಾಸರಿಗೆ 25 ಅಂಕ, ಪರೀಕ್ಷಾ ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30, ಎರಡೂ ಬಂದರೆ ಮಾತ್ರ ಪ್ರಮಾಣಪತ್ರ. ಒಟ್ಟು 60 ದಾಟಿದರೆ ಅದರ ಮೇಲೆ 'ಎಲೀಟ್' ಎಂದು ಬರುತ್ತದೆ, 90 ದಾಟಿದರೆ ಚಿನ್ನ. ಈ 'ಅತ್ಯುತ್ತಮ 8' ಎಂಬ ನಿಯಮವೇ ಸಾಂಕ್ರಾಮಿಕದ ಕಾಲದಲ್ಲಿ ದೊಡ್ಡ ಉಪಕಾರ ಮಾಡಿತು. ಮನೆಯಲ್ಲಿ ಯಾರಿಗೋ ಜ್ವರ ಬಂದು ನಾಲ್ಕು ವಾರ ತಪ್ಪಿಹೋದರೂ ಕೋರ್ಸು ಕೈತಪ್ಪುವುದಿಲ್ಲ. ಆದರೆ ಆ ನಾಲ್ಕನ್ನು ಶುರುವಿನಲ್ಲೇ ಸೋಮಾರಿತನಕ್ಕೆ ಖರ್ಚು ಮಾಡಿದವರಿಗೆ ಆಮೇಲೆ ಒಂದೂ ಉಳಿಯುವುದಿಲ್ಲ.

ಎಡವುವ ಜಾಗಗಳು ಪ್ರತಿ ಸುತ್ತಿನಲ್ಲೂ ಒಂದೇ. ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಸೇರಿಕೊಂಡು, ಎಲ್ಲ ಅಸೈನ್‌ಮೆಂಟ್ ಮುಗಿಸಿ, ಪರೀಕ್ಷೆಯ ಫಾರಂ ತುಂಬುವುದನ್ನು ಮರೆತವರಿಗೆ ಕೊನೆಗೆ ಏನೂ ಸಿಗುವುದಿಲ್ಲ. ಎರಡಕ್ಕೂ ಒಂದೇ ಇಮೇಲ್ ಬಳಸಬೇಕು. ಅಕ್ಕನ ಫೋನಿನಿಂದ ಸೇರಿ, ತನ್ನ ಇಮೇಲಿನಿಂದ ಪರೀಕ್ಷೆಗೆ ನೋಂದಾಯಿಸಿದರೆ ಅಸೈನ್‌ಮೆಂಟ್ ಅಂಕ ಪರೀಕ್ಷೆಯ ಅಂಕಕ್ಕೆ ಜೋಡಣೆಯಾಗುವುದಿಲ್ಲ. ಒಂದೇ ಫೋನ್ ಹಂಚಿಕೊಳ್ಳುವ ಮನೆಗಳಲ್ಲಿ ಈ ತೊಡಕು ಹೆಚ್ಚು. ಅಸೈನ್‌ಮೆಂಟ್ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11.59. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ತಿದ್ದಿ ಸಲ್ಲಿಸಬಹುದು, ಕೊನೆಯದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ಭಾನುವಾರವೇ ಗೊತ್ತಿದ್ದಷ್ಟಕ್ಕೆ ಉತ್ತರ ಕೊಟ್ಟು ಒಮ್ಮೆ ಸಲ್ಲಿಸಿಬಿಡಿ, ಉಳಿದದ್ದನ್ನು ಆಮೇಲೆ ತಿದ್ದಿ. ಬುಧವಾರ ರಾತ್ರಿ ಕರೆಂಟು ಹೋದರೂ ಪೂರ್ತಿ ಸೊನ್ನೆಯಾಗದು. ಪ್ರೊಫೈಲಿನಲ್ಲಿ ಹೆಸರನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಬರೆಯಿರಿ, ಇನಿಷಿಯಲ್ ಸಹಿತ. ಪ್ರಮಾಣಪತ್ರಕ್ಕೆ ಹೋಗುವುದು ಅದೇ ಹೆಸರು.

ಇದು ಅಂಕಪಟ್ಟಿಗೆ ಬರುತ್ತದೆಯೇ? ಯುಜಿಸಿ ನಿಯಮದ ಪ್ರಕಾರ ಬರಬಹುದು. 2016ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ 20 ಪ್ರತಿಶತದವರೆಗೆ ಸ್ವಯಂ ಮೂಲಕ ಮುಗಿಸಲು ಅವಕಾಶವಿತ್ತು, 2021ರ ನಿಯಮ ಅದನ್ನು 40ಕ್ಕೆ ಏರಿಸಿತು. ಎನ್‌ಪಿಟಿಇಎಲ್ ಪ್ರಮಾಣಪತ್ರದಲ್ಲಿಯೇ 12 ವಾರದ ಕೋರ್ಸಿಗೆ '3 ಅಥವಾ 4 ಕ್ರೆಡಿಟ್ ಶಿಫಾರಸು' ಎಂದು ಮುದ್ರಿಸಿರುತ್ತಾರೆ. ಶಿಫಾರಸು ಎಂಬ ಪದವನ್ನು ಗಮನಿಸಿ. ಕೊಡುವುದು ಬಿಡುವುದು ನಿಮ್ಮ ವಿಶ್ವವಿದ್ಯಾಲಯದ ಕೈಯಲ್ಲಿದೆ. ವಿಟಿಯು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಆನರ್ಸ್ ಪದವಿಯ ಹೆಚ್ಚುವರಿ ಕ್ರೆಡಿಟ್‌ಗೆ ಇದನ್ನು ಬಳಸಲು ಅವಕಾಶ ಕೊಟ್ಟಿದೆ. ಸಾಮಾನ್ಯ ಪದವಿ ಕಾಲೇಜಿನವರು ಕೋರ್ಸು ಶುರುವಾಗುವ ಮೊದಲೇ, ಮುಗಿದ ಮೇಲೆ ಅಲ್ಲ, ವಿಭಾಗದ ಮುಖ್ಯಸ್ಥರಿಂದ ಅಥವಾ ಕಾಲೇಜಿನ ಸ್ವಯಂ ಸಂಯೋಜಕರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಬಾಯಿಮಾತಿನ 'ನೋಡೋಣ' ಎಂಬುದು ಕ್ರೆಡಿಟ್ ವಿಷಯದಲ್ಲಿ ಬಹುತೇಕ 'ಇಲ್ಲ' ಎಂದೇ ಅರ್ಥ.

ಕನ್ನಡದ ಮಾತಿಗೆ ಬಂದರೆ, ಎನ್‌ಪಿಟಿಇಎಲ್ ಹಲವು ಕೋರ್ಸುಗಳ ಉಪನ್ಯಾಸದ ಪಠ್ಯವನ್ನು ಕನ್ನಡಕ್ಕೆ ತಂದಿದೆ, ಪಿಡಿಎಫ್ ಇಳಿಸಿಕೊಳ್ಳಬಹುದು. ವಾಕ್ಯಗಳು ಅಲ್ಲಲ್ಲಿ ಒರಟು, ಪಾರಿಭಾಷಿಕ ಪದಗಳು ಇಂಗ್ಲಿಷಿನವೇ ಕನ್ನಡ ಲಿಪಿಯಲ್ಲಿ. ಆದರೂ ಒಂದು ದಾರಿ ಕೆಲಸ ಮಾಡುತ್ತದೆ: ಮೊದಲು ಕನ್ನಡ ಪಿಡಿಎಫ್ ಓದಿ, ಆಮೇಲೆ ಇಂಗ್ಲಿಷ್ ವಿಡಿಯೊವನ್ನು 0.75 ವೇಗದಲ್ಲಿ ಕೇಳಿ. ವಿಷಯ ಆಗಲೇ ತಲೆಯಲ್ಲಿರುವುದರಿಂದ ಇಂಗ್ಲಿಷ್ ವಾಕ್ಯಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಪರೀಕ್ಷೆ ಹೇಗೂ ಇಂಗ್ಲಿಷಿನಲ್ಲೇ.

ಸದ್ದಿಲ್ಲದೆ ಗೆದ್ದದ್ದು ಸ್ಪೋಕನ್ ಟ್ಯುಟೋರಿಯಲ್

ಐಐಟಿ ಬಾಂಬೆಯ ಈ ಯೋಜನೆಗೆ ಪಟ್ಟಿಯ ಕೊನೆಯ ಸಾಲುಗಳಲ್ಲಿ ಜಾಗ ಸಿಕ್ಕಿತ್ತು. ಬಳಕೆಯಲ್ಲಿ ಇದಕ್ಕೆ ಮೊದಲ ಸಾಲು ಕೊಡಬೇಕು. ಲಿನಕ್ಸ್, ಸಿ ಮತ್ತು ಸಿ++, ಪೈಥಾನ್, ಜಾವಾ, ಪಿಎಚ್‌ಪಿ, ಲಿಬ್ರೆಆಫೀಸ್, ಸೈಲ್ಯಾಬ್, ಲೇಟೆಕ್ ಇತ್ಯಾದಿ ಮುಕ್ತ ತಂತ್ರಾಂಶಗಳನ್ನು ಹತ್ತು ನಿಮಿಷ ಆಸುಪಾಸಿನ ತುಣುಕುಗಳಲ್ಲಿ ಕಲಿಸುತ್ತಾರೆ. ವಿಡಿಯೊದಲ್ಲಿ ಇರುವುದು ಕಂಪ್ಯೂಟರಿನ ಪರದೆ ಮತ್ತು ಧ್ವನಿ ಮಾತ್ರ, ಮುಖ ಇಲ್ಲ, ಹಾಗಾಗಿ ಕಡತದ ಗಾತ್ರ ಚಿಕ್ಕದು. ಧ್ವನಿ ಹಲವು ಭಾರತೀಯ ಭಾಷೆಗಳಲ್ಲಿದೆ, ಕನ್ನಡವೂ ಇದೆ. ಕನ್ನಡದ ಧ್ವನಿ ಕೇಳುತ್ತಲೇ ಪರದೆಯ ಮೇಲೆ ಇಂಗ್ಲಿಷ್ ಮೆನುಗಳನ್ನು ನೋಡುವ ಈ ಹೊಂದಿಕೆ ಬಿಸಿಎ, ಬಿಕಾಂ ಹುಡುಗರಿಗೆ ಬಹಳ ಸಲೀಸು.

ಬಳಸುವ ಕ್ರಮ ಮುಖ್ಯ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ತಂತ್ರಾಂಶ. ಅವರು ಒಂದು ಹೆಜ್ಜೆ ಮಾಡಿದ ಕೂಡಲೇ ವಿಡಿಯೊ ನಿಲ್ಲಿಸಿ ನೀವೂ ಮಾಡಬೇಕು. ಸುಮ್ಮನೆ ಸಿನಿಮಾ ನೋಡಿದಂತೆ ಹತ್ತು ತುಣುಕು ನೋಡಿದರೆ ಹನ್ನೊಂದನೆಯದರ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಜಾಲತಾಣದಲ್ಲಿಯೇ ಬೇಕಾದ ಸರಣಿ ಮತ್ತು ಭಾಷೆ ಆರಿಸಿ ಒಂದೇ ಜಿಪ್ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ಇಂಟರ್ನೆಟ್ ಇರುವ ಒಬ್ಬರು ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಡೀ ಊರಿಗೆ ಹಂಚಬಹುದು, ಅದಕ್ಕೆ ಅಡ್ಡಿಯೂ ಇಲ್ಲ.

ಕೊರತೆಗಳು ಎರಡು. ಎಲ್ಲ ಸರಣಿಗಳೂ ಕನ್ನಡದಲ್ಲಿ ಪೂರ್ತಿ ಆಗಿಲ್ಲ, ಮುಂದುವರಿದ ಪಾಠಗಳು ಇಂಗ್ಲಿಷಿಗೆ ಹೊರಳುತ್ತವೆ. ಮತ್ತು ಕಂಪ್ಯೂಟರ್ ಇಲ್ಲದವರಿಗೆ ಅರ್ಧ ಪ್ರಯೋಜನ ಮಾತ್ರ. ಪೈಥಾನ್ ಅಥವಾ ಸಿ ಪ್ರೋಗ್ರಾಂ ಬರೆಯಲು ಫೋನಿನಲ್ಲೇ ನಡೆಯುವ ಆ್ಯಪ್‌ಗಳಿವೆ, ಹಾಗಾಗಿ ಪ್ರೋಗ್ರಾಮಿಂಗ್ ಹೇಗೋ ಸಾಗುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್ ಸರಣಿಯನ್ನು ಫೋನಿನಲ್ಲಿ ಕಲಿಯುವ ಹಟ ಬೇಡ.

ಬ್ಯೂರೆಟ್ ಇಲ್ಲದ ಟೈಟ್ರೇಶನ್

ಐಐಟಿ ದೆಹಲಿ ಮುಂದಾಳತ್ವದ, ಸುರತ್ಕಲ್‌ನ ಎನ್‌ಐಟಿಕೆಯೂ ಪಾಲುದಾರನಾಗಿರುವ, ಪರದೆಯ ಮೇಲೆಯೇ ಪ್ರಯೋಗ ಮಾಡಿಸುವ ವರ್ಚುವಲ್ ಲ್ಯಾಬ್ಸ್‌ನ ಪ್ರತಿ ಪ್ರಯೋಗದಲ್ಲೂ ಉದ್ದೇಶ, ಸಿದ್ಧಾಂತ, ಮುನ್ನಪರೀಕ್ಷೆ, ವಿಧಾನ, ಸಿಮ್ಯುಲೇಶನ್, ಕೊನೆಯ ಪರೀಕ್ಷೆ ಎಂಬ ಒಂದೇ ಚೌಕಟ್ಟು. ಡಿಜಿಟಲ್ ಎಲೆಕ್ಟ್ರಾನಿಕ್ಸ್, ಡೇಟಾ ಸ್ಟ್ರಕ್ಚರ್, ಸಿಗ್ನಲ್ ಪ್ರೊಸೆಸಿಂಗ್‌ನಂಥ ಪ್ರಯೋಗಗಳಿಗೆ ಇದು ನಿಜವಾದ ಲ್ಯಾಬಿಗೆ ಹತ್ತಿರ ಬರುತ್ತದೆ. ಗೇಟ್‌ಗಳನ್ನು ಜೋಡಿಸಿ ಟ್ರುತ್ ಟೇಬಲ್ ನೋಡುವುದು ಬ್ರೆಡ್‌ಬೋರ್ಡಿನಲ್ಲಾದರೂ ಪರದೆಯ ಮೇಲಾದರೂ ಕಲಿಕೆ ಒಂದೇ.

ರಸಾಯನಶಾಸ್ತ್ರದಲ್ಲಿ ಹಾಗಲ್ಲ. 50 ಮಿಲಿ ಬ್ಯೂರೆಟ್ಟಿನ ಸಣ್ಣ ಗೆರೆ 0.1 ಮಿಲಿ. ಕಣ್ಣನ್ನು ದ್ರವದ ಕೆಳಬಾಗಿನ ಮಟ್ಟಕ್ಕೆ ತರದೆ ಓದಿದರೆ ಅಳತೆ ತಪ್ಪುತ್ತದೆ, ನಲ್ಲಿ ಒಂದು ಹನಿ ಹೆಚ್ಚು ತಿರುಗಿದರೆ ಬಣ್ಣ ದಾಟಿಹೋಗುತ್ತದೆ. ಅದಕ್ಕೇ ಎರಡು ಓದು ಒಂದೇ ಬರುವವರೆಗೆ ಮತ್ತೆ ಮತ್ತೆ ಮಾಡಿಸುತ್ತಾರೆ. ಸಿಮ್ಯುಲೇಶನ್‌ನಲ್ಲಿ ಓದು ಮೊದಲ ಸಲವೇ ಸರಿ ಬರುತ್ತದೆ. ತಪ್ಪಲು ಜಾಗವೇ ಇಲ್ಲದ ಕಡೆ ಕೈ ಪಳಗುವುದಿಲ್ಲ. ಸೂತ್ರ, ಲೆಕ್ಕ, ರೆಕಾರ್ಡ್ ಬರೆಯುವ ಕ್ರಮ ಕಲಿಯಲು ಇದನ್ನು ಬಳಸಿ. ಕೈಕೆಲಸವನ್ನು ಲ್ಯಾಬ್ ತೆರೆದ ಮೇಲೆ ಮೊದಲಿನಿಂದ ಮಾಡಬೇಕೆಂದು ಅಧ್ಯಾಪಕರು ಒಪ್ಪಿಕೊಳ್ಳುವುದು ಒಳ್ಳೆಯದು. ಕರ್ನಾಟಕದಲ್ಲಿ ಪದವಿ ಕಾಲೇಜುಗಳು ಅಂತಿಮ ವರ್ಷದವರಿಗೆ ಮತ್ತೆ ತೆರೆದದ್ದು 2020ರ ನವೆಂಬರ್ 17ಕ್ಕೆ. ಅಷ್ಟರಲ್ಲಿ ಒಂದು ಇಡೀ ಸೆಮಿಸ್ಟರಿನ ಪ್ರಾಯೋಗಿಕ ಕೆಲಸ ಪರದೆಯ ಮೇಲೇ ಕಳೆದಿತ್ತು.

ಇನ್ನೊಂದು ಅಡಚಣೆ ಆ ಕಾಲಕ್ಕೇ ಬಂದು ಅಪ್ಪಳಿಸಿತು. ಹಳೆಯ ಕೆಲವು ಪ್ರಯೋಗಗಳನ್ನು ಅಡೋಬಿ ಫ್ಲ್ಯಾಶ್‌ನಲ್ಲಿ ಕಟ್ಟಿದ್ದರು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಮುಗಿಯಿತು, 2021ರ ಜನವರಿ 12ರಿಂದ ಓಡುವುದೂ ನಿಂತಿತು. ಹೊಸ ತಂತ್ರಕ್ಕೆ ಬದಲಾಯಿಸಿದವು ಉಳಿದವು. ಖಾಲಿ ಬೂದು ಚೌಕ ಕಂಡರೆ ನಿಮ್ಮ ಫೋನಿನ ದೋಷವಲ್ಲ. ಅದೇ ಪ್ರಯೋಗ ಬೇರೆ ಸಂಸ್ಥೆಯ ಪುಟದಲ್ಲಿ ಇದೆಯೇ ಎಂದು ಹುಡುಕಿ.

ಗ್ರಂಥಾಲಯಗಳು: ಬಾಗಿಲು ಇತ್ತು, ಕೀಲಿ ಕಾಲೇಜಿನಲ್ಲಿತ್ತು

ಖರಗ್‌ಪುರ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರ ಜೂನ್‌ನಲ್ಲಿ ಲೋಕಾರ್ಪಣೆಯಾಯಿತು. ಲಾಕ್‌ಡೌನ್‌ನಲ್ಲಿ ಮನೆಯಿಂದ ಓದುವವರಿಗೆಂದೇ ಒಂದು ವಿಭಾಗವನ್ನೂ ತೆರೆಯಿತು. ಕೋಟಿಗಟ್ಟಲೆ ಕಡತಗಳ ಜಾಹೀರಾತು ನೋಡಿ ಒಳಹೊಕ್ಕವರಿಗೆ ನಿರಾಸೆಯಾಗುವುದು ಯಾಕೆಂದರೆ, ಇದು ಮೂಲತಃ ಒಂದು ಸೂಚಿಪಟ್ಟಿ. ಪುಸ್ತಕ ಇರುವುದು ಬೇರೆಲ್ಲೋ, ಇಲ್ಲಿ ಇರುವುದು ಅಲ್ಲಿಗೆ ಹೋಗುವ ಕೊಂಡಿ. ಕೆಲವು ಕೊಂಡಿಗಳು ಚಂದಾ ಕೇಳುವ ಪುಟಕ್ಕೆ ಒಯ್ಯುತ್ತವೆ, ಕೆಲವು ಸತ್ತಿರುತ್ತವೆ. ಹುಡುಕಿದ ಕೂಡಲೇ ಪಕ್ಕದ ಸೋಸುಪಟ್ಟಿಯಲ್ಲಿ ಮುಕ್ತವಾಗಿ ಸಿಗುವವನ್ನು ಮಾತ್ರ ಆರಿಸಿಕೊಂಡರೆ ಅರ್ಧ ತಲೆನೋವು ಕಡಿಮೆ. ಹಳೆಯ ಪ್ರಶ್ನೆಪತ್ರಿಕೆ ಮತ್ತು ವಿಡಿಯೊ ಉಪನ್ಯಾಸ ಹುಡುಕಲು ಚೆನ್ನ, ನಿಗದಿತ ಪಠ್ಯಪುಸ್ತಕ ಹುಡುಕಲು ಸಾಧಾರಣ.

ಪದವಿ ಕಾಲೇಜಿನ ಹುಡುಗರಿಗೆ ಇದಕ್ಕಿಂತ ಬೆಲೆಯುಳ್ಳದ್ದು ಎನ್-ಲಿಸ್ಟ್. ಇದರ ಹೆಸರು ಕೇಳಿದವರೇ ಕಡಿಮೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಯೋಜನೆಯಲ್ಲಿ ಕೋವಿಡ್ ವರ್ಷಗಳಲ್ಲಿ ಸರ್ಕಾರಿ ಅಥವಾ ಅನುದಾನಿತ ಕಾಲೇಜೊಂದು ವರ್ಷಕ್ಕೆ 5,000 ರೂಪಾಯಿ ಮತ್ತು ಜಿಎಸ್‌ಟಿ ಕಟ್ಟಿದರೆ ಆರು ಸಾವಿರಕ್ಕೂ ಹೆಚ್ಚು ಇ-ನಿಯತಕಾಲಿಕಗಳು, ಲಕ್ಷಗಟ್ಟಲೆ ಇ-ಪುಸ್ತಕಗಳು ಕಾಲೇಜಿನ ಎಲ್ಲ ವಿದ್ಯಾರ್ಥಿಗಳಿಗೂ ಸಿಗುತ್ತಿದ್ದವು. ಇಡೀ ಕಾಲೇಜಿಗೆ ಅಷ್ಟು ದುಡ್ಡು! ಕ್ಯಾಂಪಸ್ಸಿನ ವೈಫೈ ಬೇಕಿಲ್ಲ, ಯೂಸರ್‌ನೇಮ್ ಪಾಸ್‌ವರ್ಡ್ ಇದ್ದರೆ ಮನೆಯಿಂದಲೇ ತೆರೆಯುತ್ತದೆ. ಸಾಂಕ್ರಾಮಿಕಕ್ಕೆಂದೇ ಮಾಡಿಟ್ಟಂತಿದೆ. ಆದರೆ ಖಾತೆಯನ್ನು ವಿದ್ಯಾರ್ಥಿ ತಾನೇ ತೆರೆಯುವಂತಿಲ್ಲ, ಕಾಲೇಜಿನ ಗ್ರಂಥಪಾಲಕರು ಹೆಸರು ಮತ್ತು ಇಮೇಲ್‌ಗಳ ಪಟ್ಟಿ ಸೇರಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿಗೆ ಹೇಳಿ ಮಾಡಿಸಿದ್ದು. ಕಾಲೇಜು ಚಂದಾ ಕಟ್ಟಿರುತ್ತದೆ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ವರದಿಯಲ್ಲಿ ಆ ಸಾಲೂ ಇರುತ್ತದೆ, ವಿದ್ಯಾರ್ಥಿಗಳ ಖಾತೆ ಮಾತ್ರ ಇರುವುದಿಲ್ಲ.

ಕೇಳುವ ಕ್ರಮ ಹೀಗಿರಲಿ. ಮೊದಲು ಎನ್-ಲಿಸ್ಟ್ ಜಾಲತಾಣದ ಸದಸ್ಯ ಕಾಲೇಜುಗಳ ಪಟ್ಟಿಯಲ್ಲಿ ನಿಮ್ಮ ಕಾಲೇಜು ಇದೆಯೇ ನೋಡಿ. ಇದ್ದರೆ ಗ್ರಂಥಪಾಲಕರಿಗೆ ಒಬ್ಬೊಬ್ಬರೇ ಹೋಗಿ ಕೇಳುವ ಬದಲು ತರಗತಿಯ ಎಲ್ಲರ ಹೆಸರು, ವಿಭಾಗ, ಇಮೇಲ್ ಒಂದು ಎಕ್ಸೆಲ್ ಹಾಳೆಯಲ್ಲಿ ತುಂಬಿಸಿ ಕೊಡಿ. ಅವರ ಕೆಲಸ ಹತ್ತು ನಿಮಿಷಕ್ಕೆ ಇಳಿದರೆ ಆಗುವ ಸಾಧ್ಯತೆಯೂ ಹೆಚ್ಚು. ಖಾತೆ ತೆರೆದ ಇಮೇಲ್ ಬಹಳ ಸಲ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ, ಅಲ್ಲೂ ಕಣ್ಣಾಡಿಸಿ. ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದೇ ಬಗೆಯ ದಾರಿ ಇನ್‌ಫೆಡ್. ಪ್ರಕಾಶಕರ ಪುಟದಲ್ಲಿ ಸಂಸ್ಥೆಯ ಮೂಲಕ ಲಾಗಿನ್ ಎಂಬುದನ್ನು ಒತ್ತಿ, ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯ ಆರಿಸಿದರೆ ಸಾಕು, ಅದು ಸದಸ್ಯನಾಗಿದ್ದರೆ. ಪ್ರಬಂಧ ಬರೆಯುವವರಿಗೆ ಶೋಧಗಂಗಾದ ಪಿಎಚ್‌ಡಿ ಪ್ರಬಂಧಗಳಿಗೆ ಯಾವ ಲಾಗಿನ್ನೂ ಬೇಡ, ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿವೆ. ಎಂಎ, ಎಂಎಸ್ಸಿ ಓದುಗರಿಗೆ ಇ-ಪಿಜಿ ಪಾಠಶಾಲಾದ ಪಿಡಿಎಫ್‌ಗಳು ಡಾಟಾ ದೃಷ್ಟಿಯಿಂದ ಅಗ್ಗ, ಬರವಣಿಗೆಯೂ ಬಿಗಿ. ಅಲ್ಲಿ ವಿಡಿಯೊಗಳನ್ನು ಬಿಟ್ಟು ಪಠ್ಯ ಮಾತ್ರ ಓದಿದರೂ ನಷ್ಟವಿಲ್ಲ.

ಹೊರದೇಶದ ಕೊಡುಗೆಗಳು ಬಂದಷ್ಟೇ ಬೇಗ ಹೋದವು. ಇಂಟರ್ನೆಟ್ ಆರ್ಕೈವ್ 2020ರ ಮಾರ್ಚ್ 24ರಂದು ಸುಮಾರು 14 ಲಕ್ಷ ಪುಸ್ತಕಗಳನ್ನು ಕಾಯುವ ಸರದಿಯಿಲ್ಲದೆ ಎರವಲು ಕೊಡಲು ಶುರುಮಾಡಿತು. ಪ್ರಕಾಶಕರು ಕೋರ್ಟಿಗೆ ಹೋದರು, ಜೂನ್ 16ಕ್ಕೆ ಅದು ಮುಚ್ಚಿತು. ಕೋರ್ಸೆರಾ ವಿಶ್ವವಿದ್ಯಾಲಯಗಳಿಗೆ ಕೊಟ್ಟ ಉಚಿತ ಪ್ರವೇಶವೂ ಆ ವರ್ಷದೊಳಗೇ ಮುಗಿಯಿತು. ಇಂಥವನ್ನು ಸಿಕ್ಕಾಗ ಬಳಸಬೇಕು, ನೆಚ್ಚಿ ಕೂರಬಾರದು.

ಟಿವಿ ಮತ್ತು ಟ್ಯಾಬ್

ಸ್ವಯಂಪ್ರಭಾ ಕಾಗದದ ಮೇಲೆ ಅತ್ಯಂತ ನ್ಯಾಯವಾದ ಸೇವೆ: ಇಂಟರ್ನೆಟ್ ಬೇಡ, ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಸಾಕು. ಆಗ ಮೂವತ್ತಕ್ಕೂ ಹೆಚ್ಚು ಚಾನೆಲ್‌ಗಳಿದ್ದವು. ದಿನಕ್ಕೆ ನಾಲ್ಕು ಗಂಟೆಯ ಹೊಸ ಪಾಠ, ಅದನ್ನೇ ದಿನವಿಡೀ ಮತ್ತೆ ಐದು ಸಲ ಪ್ರಸಾರ. ಕರೆಂಟು ಹೋದರೆ ಇನ್ನೊಂದು ಹೊತ್ತಿಗೆ ಅದೇ ಪಾಠ ಹಿಡಿಯಬಹುದು. ಆದರೆ ಪದವಿ ಪಾಠಗಳು ಬಹುತೇಕ ಇಂಗ್ಲಿಷ್ ಮತ್ತು ಹಿಂದಿ, ನಿಮ್ಮ ಸಿಲಬಸ್ಸಿನ ಪಾಠ ಯಾವಾಗ ಬರುತ್ತದೆಂದು ತಿಳಿಯಲು ವೇಳಾಪಟ್ಟಿಯನ್ನು ಜಾಲತಾಣದಲ್ಲೇ ನೋಡಬೇಕು, ಮತ್ತು ಮನೆಯ ಒಂದೇ ಟಿವಿಯಲ್ಲಿ ಧಾರಾವಾಹಿಯ ಹೊತ್ತಿಗೆ ಥರ್ಮೋಡೈನಮಿಕ್ಸ್ ಹಾಕುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಚಾನೆಲ್ ಕಾಣದೆ, ಮನೆಯಲ್ಲಿ ಹಳೆಯ ಎಂಪೆಗ್-2 ಸೆಟ್‌ಟಾಪ್ ಬಾಕ್ಸ್ ಇದ್ದರೆ ಎಂಪೆಗ್-4ಕ್ಕೆ ಬದಲಾಯಿಸಿ ನೋಡಿ.

ಕನ್ನಡದಲ್ಲಿ, ನಮ್ಮ ಸಿಲಬಸ್ಸಿಗೇ ಹೊಂದುವಂತೆ ಬಂದದ್ದು ರಾಜ್ಯದ ಕಾಲೇಜು ಶಿಕ್ಷಣ ಇಲಾಖೆಯ 'ಜ್ಞಾನನಿಧಿ' ಯೂಟ್ಯೂಬ್ ಚಾನೆಲ್. ಸರ್ಕಾರಿ ಕಾಲೇಜಿನ ಅಧ್ಯಾಪಕರೇ ಮಾಡಿದ ಪಾಠಗಳು. ಕೆಲವರು ಸ್ಲೈಡ್ ಓದಿದ್ದಾರೆ, ಕೆಲವರು ಪಾಠ ಮಾಡಿದ್ದಾರೆ. ಕನ್ನಡ ಮಾಧ್ಯಮದ ಬಿಎ, ಬಿಕಾಂ ವಿದ್ಯಾರ್ಥಿಗಳಿಗೆ ಇದಕ್ಕೆ ಸಾಟಿ ಇನ್ನೊಂದಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಸರ್ಕಾರ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು, ಅಂದರೆ ಎಲ್ಲರೂ ಕರೆಯುವ ಎಲ್‌ಎಂಎಸ್ ಅನ್ನು, ಉದ್ಘಾಟಿಸಿತು. ಸುಮಾರು 1.55 ಲಕ್ಷ ಸರ್ಕಾರಿ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಕಾರ್ಯಕ್ರಮ ಶುರುವಾದದ್ದು 2021ರ ಜೂನ್‌ನಲ್ಲಿ, ಎರಡನೇ ಅಲೆ ಇಳಿಯುವಾಗ. ಒಳ್ಳೆಯ ಕೆಲಸ, ಕೆಟ್ಟ ಮುಹೂರ್ತ. ಹದಿನೈದು ತಿಂಗಳು ಮೊದಲು ಬಂದಿದ್ದರೆ ಮೇಲೆ ಬರೆದ ಅರ್ಧ ತೊಡಕುಗಳಿಗೆ ಅದೇ ಮದ್ದಾಗುತ್ತಿತ್ತು.

ಮಾತಾಡಲು ಒಂದು ನಂಬರು

ಮನಸ್ಸಿನ ಒತ್ತಡ ಹೇಳಿಕೊಳ್ಳಲೆಂದು 2020ರಲ್ಲಿ ನಿಮ್ಹಾನ್ಸ್ ಮೊದಲು ಸಹಾಯವಾಣಿ ತೆರೆಯಿತು, ಜುಲೈನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಮನೋದರ್ಪಣ ಬಂತು. ಮನೋದರ್ಪಣದ ನಂಬರು 8448440632, ವಿದ್ಯಾರ್ಥಿಗಳಿಗೆಂದೇ ಇರುವುದು, ಬೆಳಿಗ್ಗೆ 8ರಿಂದ ರಾತ್ರಿ 8. ಫಲಿತಾಂಶದ ದಿನ, ಪರೀಕ್ಷೆಯ ಹಿಂದಿನ ರಾತ್ರಿ ಎದೆ ಬಡಿದುಕೊಳ್ಳುವುದು ಎಂಟರ ಮೇಲೆಯೇ, ಆ ಹೊತ್ತಿಗೆ ಇದು ಉಪಯೋಗವಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್ ಈ ಕೊರತೆ ನೀಗಿಸಿದೆ. 14416 ಒತ್ತಿ, ಭಾಷೆ ಕೇಳಿದಾಗ ಕನ್ನಡ ಆರಿಸಿ. ಇಪ್ಪತ್ತನಾಲ್ಕು ಗಂಟೆಯೂ ಇದೆ, ಕಾಸಿಲ್ಲ, ಕರೆ ಮಾಡಲು ಡಾಟಾ ಬೇಡ, ಹಳೆಯ ಕೀಪ್ಯಾಡ್ ಫೋನೂ ಸಾಕು. ಮೊದಲು ಮಾತಾಡುವವರು ತರಬೇತಾದ ಆಪ್ತಸಮಾಲೋಚಕರು, ಅಗತ್ಯ ಕಂಡರೆ ತಜ್ಞರಿಗೆ ಜೋಡಿಸುತ್ತಾರೆ. ನಿದ್ದೆ ಬರುತ್ತಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂಬಷ್ಟಕ್ಕೂ ಕರೆ ಮಾಡಬಹುದು, ಕಾಯಿಲೆಯೇ ಆಗಬೇಕಿಲ್ಲ. ಒಂದೇ ಕೋಣೆಯ ಮನೆಯವರು ಅಂಗಡಿಗೆ ಹೋಗುವ ನೆಪದಲ್ಲಿ ಹೊರಗೆ ಬಂದು ಮಾತಾಡಿ.

ವಿದ್ಯಾರ್ಥಿವೇತನ: ಹಣ ಮಂಜೂರಾಗಿಯೂ ಕೈಸೇರದ್ದೇಕೆ

ರಾಜ್ಯ ವಿದ್ಯಾರ್ಥಿವೇತನ ತಾಣ ಎಸ್‌ಎಸ್‌ಪಿ ಬಂದ ಮೇಲೆ ಇಲಾಖೆಯಿಂದ ಇಲಾಖೆಗೆ ಅಲೆಯುವುದು ತಪ್ಪಿದೆ. ಒಂದೇ ಅರ್ಜಿಯಲ್ಲಿ ಶುಲ್ಕ ಮರುಪಾವತಿ, ವಿದ್ಯಾಸಿರಿ ಎಲ್ಲಕ್ಕೂ ಅರ್ಹತೆ ನೋಡುತ್ತಾರೆ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಕೋವಿಡ್ ವರ್ಷಗಳಲ್ಲಿ ವಿದ್ಯಾಸಿರಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000 ರೂಪಾಯಿ ಕೊಡುತ್ತಿತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಬೇಕಿಲ್ಲ, ನಾಡಕಚೇರಿ ಕೊಟ್ಟ ಪತ್ರದಲ್ಲಿರುವ ಆರ್‌ಡಿ ನಂಬರು ಹಾಕಿದರೆ ವಿವರ ತಾನಾಗಿ ಬರುತ್ತದೆ. ಆದಾಯ ಪತ್ರಕ್ಕೆ ಐದು ವರ್ಷದ ಆಯಸ್ಸು. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಪದವಿಯ ಕೊನೆಯ ವರ್ಷಕ್ಕೆ ಮುಗಿದಿರಬಹುದು, ಅರ್ಜಿ ಕರೆಯುವ ಮೊದಲೇ ದಿನಾಂಕ ನೋಡಿಕೊಳ್ಳಿ.

ಅರ್ಜಿ ಮಂಜೂರಾಗಿ, ಹಣ ಬಂದಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಒಂದೇ ಕಾರಣ. ಎಸ್‌ಎಸ್‌ಪಿ ಹಣ ಹೋಗುವುದು ನೀವು ಹೇಳಿದ ಖಾತೆಗಲ್ಲ, ನಿಮ್ಮ ಆಧಾರ್ ನಂಬರಿಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಇಟ್ಟುಕೊಂಡಿರುವ ಪಟ್ಟಿ ತೀರ್ಮಾನಿಸುತ್ತದೆ. ಅಲ್ಲಿ ಒಂದೇ ಬ್ಯಾಂಕಿಗೆ ಜಾಗ, ಕೊನೆಗೆ ಜೋಡಿಸಿದ್ದೇ ಉಳಿಯುತ್ತದೆ. ಲಾಕ್‌ಡೌನ್‌ನಲ್ಲಿ ಮನೆಯ ಹತ್ತಿರದ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದವರ ಹಣ ಆ ಹೊಸ ಖಾತೆಗೆ ಹೋಗಿರಬಹುದು. ಮುಚ್ಚಿದ ಹಳೆಯ ಖಾತೆಯ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ ಹಣ ವಾಪಸ್ಸಾಗುತ್ತದೆ. ಆಧಾರಿಗೆ ಜೋಡಿಸಿದ ಫೋನಿನಿಂದ *99*99*1# ಒತ್ತಿ, ಆಧಾರ್ ಸಂಖ್ಯೆ ಹಾಕಿದರೆ ಯಾವ ಬ್ಯಾಂಕ್ ಎಂದು ತಿಳಿಯುತ್ತದೆ. ಮೈಆಧಾರ್ ತಾಣದಲ್ಲೂ ನೋಡಬಹುದು. ತಪ್ಪು ಬ್ಯಾಂಕ್ ಕಂಡರೆ ನಿಮಗೆ ಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ. ಕೌಂಟರಿನಲ್ಲಿ 'ಆಧಾರ್ ಲಿಂಕ್ ಮಾಡಿ' ಎಂದರೆ ಕೆವೈಸಿಗೆ ಮಾತ್ರ ಸೇರಿಸಿ ಕಳಿಸುವುದುಂಟು. 'ಡಿಬಿಟಿ ಹಣ ಬರಬೇಕು, ಎನ್‌ಪಿಸಿಐ ಸೀಡಿಂಗ್ ಮಾಡಿ' ಎಂದೇ ಹೇಳಿ (ಡಿಬಿಟಿ ಎಂದರೆ ಸರ್ಕಾರದಿಂದ ನೇರ ಖಾತೆಗೆ ಬರುವ ಹಣ, ಸೀಡಿಂಗ್ ಎಂದರೆ ಆ ಪಟ್ಟಿಗೆ ಸೇರಿಸುವುದು), ಅದರ ಒಪ್ಪಿಗೆ ಫಾರಂ ತುಂಬಿ, ಸ್ವೀಕೃತಿ ಪಡೆಯಿರಿ, ಕೆಲವು ದಿನ ಬಿಟ್ಟು ಅದೇ ಕೋಡ್ ಮತ್ತೆ ಒತ್ತಿ ನೋಡಿ.